ಹೆಸರು ಕೊಡದ ಜಲಜಕ್ಕ

ಕಳಸದ ಹತ್ತಿರದ ನಮ್ಮ ಸಂಸೆಯ ಕಡೆ ಯಾರೂ ಯಾರಿಗೂ ಇಲ್ಲ ಎನ್ನುವುದಿಲ್ಲ. ಮನೆಗೆ ಬಂದವರು ಏನು ಕೇಳಿದರೂ "ನೋಡುವ" ಎನ್ನುತ್ತಾರೆ. ಕೋವಿ ಕೇಳಿದರೂ ನೋಡುವ, ಮಗಳನ್ನು ಕೇಳಿದರೂ ನೋಡುವ. ಕೇಳಿದವರು ಮುಖ ನೋಡಿ ಅರ್ಥ ಮಾಡಿಕೊಂಡು, ಕಾಫಿ ಕುಡಿದು ಎದ್ದು ಹೋಗಬೇಕು. ಇಂಥ ಊರಿನಲ್ಲಿ ಜಲಜಕ್ಕ ಒಬ್ಬರೇ ಬೇಡದ್ದಕ್ಕೆ ಬೇಡ, ಆಗದ್ದಕ್ಕೆ ಆಗೋದಿಲ್ಲ ಎನ್ನುತ್ತಿದ್ದರು. ಅದನ್ನೂ ಕಾಫಿ ಲೋಟ ಕೈಗೆ ಕೊಡುವ ಮೊದಲೇ ಹೇಳಿಬಿಡುತ್ತಿದ್ದರು.

"ಕುಡಿದ ಮೇಲೆ ಹೇಳಿದ್ರೆ ನಿಂಗೆ ಕಾಫಿ ಕಹಿಯಾಗ್ತದೆ. ಈಗ್ಲೇ ಹೇಳಿದೀನಿ, ಇನ್ನು ಆರಾಮಾಗಿ ಕುಡಿ."

ಉದ್ದನೆಯ ಬಡಕಲು ಹೆಂಗಸು. ಕೊಯ್ಲಿನ ಕಾಲದಲ್ಲಿ ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಸೊಂಟಕ್ಕೆ ಗೋಣಿಚೀಲ ಬಿಗಿದು ಗಿಡಗಳ ನಡುವೆ ನಿಂತರೆ ದೂರದಿಂದ ಯಾರೋ ಮೇಸ್ತ್ರಿಯ ಹಾಗೆ ಕಾಣುತ್ತಿದ್ದರು. ರಸ್ತೆಯ ಮೇಲ್ಬದಿಯಲ್ಲಿ ಅವರದೊಂದು ತುಂಡು ರೊಬಸ್ಟಾ ಕಾಫಿ ತೋಟ, ಕೆಳಬದಿಯಲ್ಲಿ ನಮ್ಮ ಮನೆ. ನಾನು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದು, ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಶನಿವಾರಗಳಲ್ಲಿ ಊರಿನ ಬಸ್ಸು ಹತ್ತುತ್ತಿದ್ದ ಕಾಲ ಅದು.

ಅವರನ್ನು ದೊಡ್ಡ ಜ್ಞಾನಿ ಮಾಡಲು ನಾನು ಹೊರಟಿಲ್ಲ. ಅವರು ಬೇಡ ಎಂದದ್ದರಲ್ಲಿ ಒಳ್ಳೆಯದೂ ಬೇಕಾದಷ್ಟಿತ್ತು. ಗ್ಯಾಸ್ ಒಲೆ ಬೇಡ ಎಂದರು, ಟೆಲಿಫೋನ್ ಬೇಡ ಎಂದರು. ಎಷ್ಟೋ ವರ್ಷದ ಮೇಲೆ ಅವರ ಮನೆಗೂ ಗ್ಯಾಸ್ ಬಂದಾಗ, "ಇಷ್ಟು ಸುಲಭ ಅಂತ ಯಾರಾದ್ರೂ ಗಟ್ಟಿಯಾಗಿ ಹೇಳ್ಬಾರ್ದಿತ್ತಾ?" ಎಂದು ನಮಗೇ ಬೈದರು. ಹಾಗಾಗಿ ಈಗ ಹೇಳಹೊರಟ ಕಂಪನಿಯ ವಿಷಯದಲ್ಲಿ ಅವರು ತೋರಿಸಿದ್ದು ತಿಳಿವಳಿಕೆಯೋ ಬರೀ ಹಟವೋ ಎಂದು ನಾನು ಹಲವು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹಟವೇ ಇರಬಹುದು. ಆದರೂ ಅದು ಇದ್ದದ್ದು ಅವರೊಬ್ಬರಲ್ಲೇ.

ಕಾಫಿ ರೇಟು ನೆಲ ಕಚ್ಚಿದ್ದ ವರ್ಷಗಳವು. ಕೊಯ್ಲಿನ ಖರ್ಚೂ ಹುಟ್ಟುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಜಲಜಕ್ಕನ ತಂಗಿ ವನಜಕ್ಕನ ಮಗ ಸುಧಾಕರ ಟೈ ಕಟ್ಟಿಕೊಂಡು ಊರಿಗೆ ಬಂದ. ಕೈಯಲ್ಲಿ ಒಂದು ಕಪ್ಪು ಬ್ಯಾಗು, ಅದರಲ್ಲಿ ಕಿತ್ತಳೆ ಬಣ್ಣದ ಆರೋಗ್ಯದ ಪುಡಿಯ ಡಬ್ಬಿಗಳು. ಡಬ್ಬಿ ಕೊಂಡು ಕಂಪನಿಗೆ ಸೇರಬೇಕು, ನಮ್ಮ ಕೆಳಗೆ ಇಬ್ಬರನ್ನು ಸೇರಿಸಬೇಕು, ಆ ಇಬ್ಬರ ಕೆಳಗೆ ಮತ್ತಿಬ್ಬಿಬ್ಬರು. ಕೆಳಗಿನವರು ಬೆಳೆದ ಹಾಗೆ ಮೇಲಿನವರಿಗೆ ಹಣ. ಸುಧಾಕರ ಮೋಸಗಾರನಲ್ಲ. ತನ್ನ ಪುಡಿಯನ್ನು ತಾನೇ ದಿನಾ ಬೆಳಿಗ್ಗೆ ಕಲಸಿ ಕುಡಿಯುತ್ತಿದ್ದ. ಆದರೆ ಬೇರೆ ಊರಿನವನೊಬ್ಬ ಬಂದಿದ್ದರೆ ಸಂಸೆಯಲ್ಲಿ ಒಂದು ಡಬ್ಬಿಯೂ ಹೋಗುತ್ತಿರಲಿಲ್ಲ. ಇವನು ನಮ್ಮ ಹುಡುಗ. ಎಲ್ಲರ ಜಗಲಿಯಲ್ಲೂ ಕೂತು ಕಾಫಿ ಕುಡಿದ. ಎಲ್ಲರೂ "ನೋಡುವ" ಎಂದರು. ಆ ಮಾತಿನ ಮರ್ಯಾದೆ ಚೆನ್ನಾಗಿ ಗೊತ್ತಿದ್ದವನು, ಅಷ್ಟಕ್ಕೇ ಎದ್ದು ಹೋಗದೆ ಇನ್ನೊಂದು ಗಳಿಗೆ ಸುಮ್ಮನೆ ಕೂತ. ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಊರು ಅಲ್ಲಿಗೆ ಸೋತಿತು.

ಶಾಲೆಯ ದೊಡ್ಡ ಕೋಣೆಯಲ್ಲಿ ಒಂದು ಸಭೆ ನಡೆಯಿತು. ಹಲಗೆಯ ಮೇಲೆ ವೃತ್ತಗಳನ್ನು ಬರೆದು, ವೃತ್ತಗಳಿಂದ ಗೆರೆಗಳನ್ನು ಎಳೆದು ಸುಧಾಕರ ಬೆವರುತ್ತಿದ್ದ. ನಾನು ಎದ್ದು ನಿಂತು, ಹೀಗೆ ದುಪ್ಪಟ್ಟಾಗುತ್ತಾ ಹೋದರೆ ಸ್ವಲ್ಪ ದಿನದಲ್ಲೇ ಸೇರಿಸಲು ತಾಲೂಕಿನ ಜನವೇ ಸಾಲುವುದಿಲ್ಲ, ಕೊನೆಗೆ ಸೇರಿದವರೆಲ್ಲ ಬರಿಗೈ ಎಂದೆ. ನನ್ನ ಲೆಕ್ಕ ಸರಿಯಾಗಿಯೇ ಇತ್ತು.

"ಸರ್, ನಿಮ್ಮ ಲೆಕ್ಕ ಎಲ್ಲ ಸರಿ. ನೀವು ಇವತ್ತು ಬಂದಿದ್ದು ಕಾರಲ್ಲೋ, ಬಸ್ಸಲ್ಲೋ?" ಎಂದ ಸುಧಾಕರ.

ಸಭೆಯೆಲ್ಲ ನಕ್ಕಿತು. ನಾನು ಕೂತೆ. ಆಗ ಹಿಂದಿನಿಂದ ಜಲಜಕ್ಕನ ಧ್ವನಿ ಬಂತು.

"ಸುಧಾ, ಈ ಡಬ್ಬಿ ಕಳಸದ ಅಂಗಡೀಲಿ ಇದೇ ರೇಟಿಗೆ ಇಟ್ರೆ ನೀನು ತಗೊಳ್ತಿದ್ಯಾ?"

"ದೊಡ್ಡಮ್ಮ, ಇದು ಅಂಗಡೀಲಿ ಸಿಗೋ ಮಾಲಲ್ಲ."

"ಅದಕ್ಕೇ ಕೇಳಿದ್ದು. ಆಯ್ತು, ನಾನು ಯಾರನ್ನೂ ಸೇರಿಸೋದಿಲ್ಲ, ಬರೀ ಪುಡಿ ಮಾರ್ತೇನೆ. ಆಗ ನಂಗೆ ಎಂತ ಸಿಗ್ತದೆ?"

"ಸೇರಿಸಿದ್ರೇ ಅಲ್ವಾ ದೊಡ್ಡಮ್ಮ ಲಾಭ!"

"ಮಾರದೆ ಉಳಿದ ಡಬ್ಬಿ ಕಂಪನಿ ವಾಪಸ್ ತಗೊಳ್ತದಾ? ಬರೆದು ಕೊಡ್ತದಾ?"

ಸುಧಾಕರ ಪಾಸಿಟಿವ್ ಆಗಿ ಯೋಚಿಸಬೇಕು ಎಂದೇನೋ ಹೇಳಿದ. "ಹಾಗಾದ್ರೆ ನಿನ್ನ ಮೇಲಿನವ್ರು ಪುಡಿ ಮಾರಿ ದುಡಿದದ್ದಲ್ಲ ಮಾರಾಯ, ನಿನ್ನ ಮಾರಿ ದುಡಿದದ್ದು. ಇನ್ನು ನೀನು ನಮ್ಮನ್ನ ಮಾರ್ಬೇಕು. ನಂಗೆ ಆಗೋದಿಲ್ಲ" ಎಂದು ಜಲಜಕ್ಕ ಎದ್ದು ಹೋದರು.

ಹೀಗೆಂದು ನಾನು ಬರೆಯುತ್ತೇನೆ. ಆದರೆ ವನಜಕ್ಕ ಇದನ್ನು ಒಪ್ಪುವುದಿಲ್ಲ. "ಅವ್ಳು ಪ್ರಶ್ನೆ ಗಿಶ್ನೆ ಎಂತದೂ ಕೇಳ್ಲಿಲ್ಲ. ಆಗೋದಿಲ್ಲ ಅಂದ್ಲು, ಹೋದ್ಲು, ಅಷ್ಟೆ. ಪ್ರಶ್ನೆ ಎಲ್ಲ ನಿಂದೇ" ಎನ್ನುತ್ತಾರೆ. ಇರಬಹುದು. ಪ್ರತಿ ವರ್ಷ ತರಗತಿಯಲ್ಲಿ ಹುಡುಗರಿಗೆ ಈ ಕತೆ ಹೇಳಿ ಹೇಳಿ, ನನ್ನ ಮಾತುಗಳನ್ನು ಅವರ ಬಾಯಿಗೆ ಹಾಕಿದ್ದೇನೋ ಏನೋ. ನನ್ನವೇ ಆಗಿದ್ದರೂ ಆ ಪ್ರಶ್ನೆಗಳನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇವತ್ತಿಗೂ ಟೈ ಕಟ್ಟಿಕೊಂಡು ಬರುವವರ ಹತ್ತಿರ ಅವಕ್ಕೆ ಉತ್ತರವಿಲ್ಲ.

ಆದರೆ ಒಂದು ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಸಭೆಯ ಮುಂದಿನ ವಾರ ವನಜಕ್ಕ ಅಕ್ಕನ ಅಂಗಳಕ್ಕೆ ಬಂದು ಅತ್ತರು. ನಾನು ಬೇಲಿಯ ಹತ್ತಿರವೇ ಇದ್ದೆ.

"ಸ್ವಂತ ದೊಡ್ಡಮ್ಮನೇ ಸೇರ್ಲಿಲ್ಲ ಅಂತ ಎಲ್ಲ ಅವನ ಮುಖ ನೋಡ್ತಾರೆ ಅಕ್ಕ. ಒಂದು ಹೆಸರು ಹಾಕ್ಬಿಡು. ನಿಂಗೆಂತ ಹೋಗ್ತದೆ?"

"ದುಡ್ಡು ಬೇಕಾದ್ರೆ ಒಳಗೆ ಬಾ, ಇದ್ದಷ್ಟು ಕೊಡ್ತೇನೆ. ವಾಪಸ್ಸೂ ಕೊಡ್ಬೇಡ. ಹೆಸರು ಕೊಡೋದಿಲ್ಲ. ನನ್ನ ಹೆಸರು ತೋರಿಸಿ ಅವ್ನು ಇನ್ನೊಬ್ಬರ ಮನೆ ಮೆಟ್ಟಿಲು ಹತ್ತಬಾರ್ದು."

ವನಜಕ್ಕ ಒಳಗೆ ಹೋಗಲಿಲ್ಲ. ಅಕ್ಕತಂಗಿಯರ ಮಾತು ಅಲ್ಲಿಗೆ ನಿಂತಿತು.

ಅಷ್ಟಕ್ಕೇ ಮುಗಿಯಲಿಲ್ಲ. ನಮ್ಮಲ್ಲಿ ಸಣ್ಣ ತೋಟದವರ ಕೊಯ್ಲು ನಡೆಯುವುದು ಮುಯ್ಯಾಳಿನಿಂದ. ಇವತ್ತು ಎಲ್ಲರೂ ನಿಮ್ಮ ತೋಟಕ್ಕೆ, ನಾಳೆ ನೀವು ಉಳಿದವರ ತೋಟಕ್ಕೆ. ಕೂಲಿ ಇಲ್ಲ, ಆಳಿಗೆ ಪ್ರತಿ ಆಳು. ಆ ವರ್ಷ ಜಲಜಕ್ಕ ಕರೆಯಲು ಹೋದಾಗ ಎಲ್ಲರೂ "ನೋಡುವ ಅಕ್ಕ" ಎಂದರು. ಯಾರಿಗೂ ಅವರ ಮೇಲೆ ದ್ವೇಷವಿರಲಿಲ್ಲ. ಎಲ್ಲರ ಮನೆಯಲ್ಲೂ ಡಬ್ಬಿಗಳು ಬಂದು ಕೂತಿದ್ದವು, ಎಲ್ಲರಿಗೂ ಇಬ್ಬಿಬ್ಬರು ಬೇಕಾಗಿದ್ದರು, ಈ ಹೆಂಗಸು ಅಪಶಕುನದ ಹಾಗೆ ಮಾತಾಡಿದ್ದಳು. ಅವರ ಜೊತೆ ಕಾಣಿಸಿಕೊಳ್ಳುವುದು ಯಾರಿಗೂ ಬೇಡವಾಗಿತ್ತು. ಜಲಜಕ್ಕನನ್ನು ತಮ್ಮ ತೋಟಕ್ಕೂ ಯಾರೂ ಕರೆಯಲಿಲ್ಲ.

ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಹಣ್ಣು ಗಿಡದಿಂದ ಇಳಿಯಬೇಕು. ಜಲಜಕ್ಕ ಒಬ್ಬರೇ ಕೊಯ್ದರು. ಒಂದು ಭಾನುವಾರ ನಾನೂ ಹೋದೆ. ಕಾಯಿಯನ್ನೂ ಹಣ್ಣನ್ನೂ ಒಟ್ಟಿಗೆ ಉದುರಿಸುತ್ತಿದ್ದ ನನ್ನನ್ನು ನೋಡಿ, "ನಿನ್ನ ಪಾಠಾನೂ ಹೀಗೇನಾ? ಹಣ್ಣು ಕಾಯಿ ಎಲ್ಲ ಒಂದೇ ಚೀಲಕ್ಕಾ?" ಎಂದು ಚೀಲ ಕಸಿದುಕೊಂಡರು. ಒಂದು ಮಾತು ಕೇಳಬೇಕೆನಿಸಿ ಕೇಳಿಯೇಬಿಟ್ಟೆ: ಸುಮ್ಮನೆ ಒಂದು ಹೆಸರು ಹಾಕಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಅಲ್ಲವೆ?

"ಹೌದು" ಎಂದರು. "ಆಗ ನಾನೂ ಇಬ್ಬರನ್ನ ಹುಡುಕ್ಬೇಕಿತ್ತು. ಮೊದ್ಲು ನಿನ್ನ ಅಮ್ಮನ ಹತ್ರ ಬರ್ತಿದ್ದೆ. ಅವ್ಳು ಇಲ್ಲ ಅಂತಿದ್ಲಾ?"

ನನ್ನ ಅಮ್ಮ ಯಾರಿಗೂ ಇಲ್ಲ ಎಂದವಳಲ್ಲ.

ಮಳೆ ಬೇಗ ಬಂತು. ಹಣ್ಣಿದ್ದ ಗಿಡಗಳ ಮೇಲೆಯೇ ಹೂ ಅರಳಿತು, ಉಳಿದ ಫಸಲು ನೆಲಕ್ಕೆ ಉದುರಿತು. ಜಲಜಕ್ಕ ಕುಕ್ಕರುಗಾಲಿನಲ್ಲಿ ಕೂತು ತರಗೆಲೆಗಳ ನಡುವಿನಿಂದ ಬೀಜ ಹೆಕ್ಕಿದರು. ಎಷ್ಟು ಹೋಯಿತು ಎಂದು ಯಾರಿಗೂ ಹೇಳಲಿಲ್ಲ. ದಾರಿಯಲ್ಲಿ ಹೋಗುವವರು ತಲೆ ತಗ್ಗಿಸಿದರೆ, ತಾವೇ ಹೆಸರು ಹಿಡಿದು ಕೂಗಿ ಮಾತಾಡಿಸುತ್ತಿದ್ದರು.

ಮುಂದಿನ ಮಳೆಗಾಲದ ಹೊತ್ತಿಗೆ ಚಿಕ್ಕಮಗಳೂರಿನಲ್ಲಿದ್ದ ಕಂಪನಿಯ ಆಫೀಸಿಗೆ ಬೀಗ ಬಿತ್ತು. ಸುಧಾಕರ ಟೈ ಬಿಚ್ಚಿ, ಕೊಟ್ಟಿಗೆಹಾರದಲ್ಲಿ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಖಾಲಿ ಡಬ್ಬಿಗಳಲ್ಲಿ ಊರಿನವರು ಮೊಳೆ, ಗುಂಡಿ, ಸೌತೆಬೀಜ ತುಂಬಿಸಿಟ್ಟರು. ಕೊಯ್ಲು ಶುರುವಾದ ಒಂದು ಬೆಳಿಗ್ಗೆ, ಊರಿಗೆ ಊರೇ ಚೀಲ ಹಿಡಿದು ಕರೆಯದೆ ಜಲಜಕ್ಕನ ಅಂಗಳಕ್ಕೆ ಬಂದು ನಿಂತಿತು. ಎಲ್ಲರ ಹಿಂದೆ ವನಜಕ್ಕ.

ಜಲಜಕ್ಕ ಬಾಗಿಲಿನಲ್ಲಿ ನಿಂತು ಎಲ್ಲರ ಮುಖ ನೋಡಿದರು. "ಆಗೋದಿಲ್ಲ" ಎಂದರು.

"ಅಕ್ಕ, ಹಳೇದೆಲ್ಲ ಎಂತಕ್ಕೆ..." ಎಂದರು ಯಾರೋ.

"ಹಳೇದಲ್ಲ ಮಾರಾಯ. ಹೋದ ವರ್ಷ ನಾನು ಯಾರ ತೋಟಕ್ಕೂ ಬಂದಿಲ್ಲ. ನೀವು ಇವತ್ತು ದುಡಿದ್ರೆ ನಾನು ನಿಮ್ಮ ಕೆಳಗೆ ಆಗ್ತೇನೆ. ನಂಗೆ ಯಾರ ಕೆಳಗೂ ಬೇಡ, ಮೇಲೂ ಬೇಡ."

ಎಲ್ಲರಿಗೂ ಕಾಫಿ ಕೊಟ್ಟು ವಾಪಸು ಕಳಿಸಿದರು. ಮರುದಿನ ಗಂಡನ ಅಂಗಿ ತೊಟ್ಟು, ಚೀಲ ಬಿಗಿದು, ಮೊದಲು ತಂಗಿಯ ತೋಟಕ್ಕೆ ಹೋದರು. ಆಮೇಲೆ ಒಂದೊಂದೇ ತೋಟ. ಎಲ್ಲರಲ್ಲೂ ದುಡಿದ ಮೇಲೆ, "ಇನ್ನು ನಮ್ಮಲ್ಲಿಗೆ ಬನ್ನಿ" ಎಂದರು. ಬಂದರು. ಆ ವರ್ಷ ಮಳೆಗೆ ಮೊದಲೇ ಅವರ ಗಿಡಗಳೆಲ್ಲ ಬರಿದಾದವು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಊರಿಗೆ ಮೊಬೈಲ್ ಬಂದ ಮೇಲೆ. ಕಾಫಿ ಒಣಹಾಕುವ ಕಣದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು, ಕಾಲು ಊದಿಕೊಂಡಿತ್ತು. ನನ್ನ ಕಾಲೇಜಿನ ಸಹೋದ್ಯೋಗಿಯೊಬ್ಬ ಹೊಸದೊಂದು ಕಂಪನಿ ಹಿಡಿದು ಎಲ್ಲರನ್ನೂ ಸೇರಿಸುತ್ತಿರುವುದನ್ನು ತಮಾಷೆಯಾಗಿ ಹೇಳಿದೆ.

"ನೀನೆಂತ ಹೇಳಿದೆ?"

"ನೋಡೋಣ ಅಂದೆ."

ಜಲಜಕ್ಕ ನಗಲಿಲ್ಲ. "ಇಷ್ಟು ಓದಿ, ಊರಿಗೆಲ್ಲ ಪಾಠ ಮಾಡಿ, ನೋಡೋಣ ಅಂದ್ಯಾ? ಫೋನು ತೆಗಿ. ಅಗೋ, ಆ ಹಲಸಿನ ಮರದ ಹತ್ರ ನಿಂತ್ರೆ ಸಿಗ್ನಲ್ ಸಿಗ್ತದೆ."

"ಈಗ್ಲಾ ಜಲಜಕ್ಕ?"

"ಮತ್ತೆ? ಕಾಫಿ ಆಮೇಲೆ."

ಹಲಸಿನ ಮರದ ಕೆಳಗೆ ನಿಂತು ಫೋನು ಮಾಡಿದೆ. ಸಹೋದ್ಯೋಗಿ ಖುಷಿಯಿಂದ ಮಾತು ಶುರು ಮಾಡಿದ. ನಾನು ಹೆಂಡತಿಯ ವಿಷಯ, ಪರೀಕ್ಷೆಯ ವಿಷಯ ಎಲ್ಲ ಹೇಳಿ, ಮೆಲ್ಲಗೆ, ಆಗೋದಿಲ್ಲ ಎಂದೆ.

"ಕೇಳ್ಲಿಲ್ಲ!" ಎಂದು ಕುರ್ಚಿಯಿಂದ ಕೂಗಿದರು ಜಲಜಕ್ಕ. "ನಂಗೇ ಕೇಳ್ಲಿಲ್ಲ, ಅವ್ನಿಗೆ ಹೇಗೆ ಕೇಳ್ತದೆ? ಜೋರಾಗಿ ಹೇಳು!"

ಹೇಳಿದೆ. ಕೆಳಗಿನ ತೋಟದಲ್ಲಿ ಕೊಯ್ಯುತ್ತಿದ್ದವರು ತಲೆ ಎತ್ತಿ ನೋಡಿದರು.