ಗೆರೆ ಇಲ್ಲದ ಗೋಡೆ

ಚಿಕ್ಕೇರೂರಿನಲ್ಲಿ ನಮ್ಮ ಬಸ್ಸು ಪಂಕ್ಚರಾಗಿ ನಿಂತಿತ್ತು. ಚಹಾದಂಗಡಿಯಲ್ಲಿ ನನ್ನ ಪಕ್ಕದಲ್ಲಿದ್ದ ಆ ಊರಿನ ಹೈಸ್ಕೂಲು ಮಾಸ್ತರರು ಒಂದು ಫೋಟೋ ತೋರಿಸಿದರು. ಆಫ್ರಿಕಾದ ಬಡ ಹಳ್ಳಿಯೊಂದರಲ್ಲಿ ಅಲ್ಲಿಯ ಮಣ್ಣಿನಿಂದಲೇ ಕಟ್ಟಿದ ಶಾಲೆ. ಗೋಡೆಗೆ ಒರಗಿ ಕುಳಿತ ಏಳೆಂಟು ಮಕ್ಕಳು. ಇಂಗ್ಲೆಂಡಿನ ಒಂದು ಶಾಲೆಯವರು ನೆರವು ಕೂಡಿಸಿ ಇಂಥವನ್ನು ಕಟ್ಟಿಸುತ್ತಾರಂತೆ. ನಿಮ್ಮಲ್ಲಿ ಮಣ್ಣಿನ ಗೋಡೆ ಹೇಗೆ ಕಟ್ಟುತ್ತೀರಿ ಎಂದು ಅವರು ಕೇಳಿದ್ದಕ್ಕೆ, ಮಾಸ್ತರರ ವಿದ್ಯಾರ್ಥಿಗಳು ಊರಿನ ಮುದುಕ ಗೌಂಡಿ ಮೌಲಾಸಾಬರನ್ನು ವಿಚಾರಿಸಿ ಬರೆದು ಕಳಿಸಿದ್ದರು. ಅದರಂತೆಯೇ ಕಟ್ಟಿದೆವೆಂದು ಉತ್ತರವಾಗಿ ಬಂದ ಈ ಫೋಟೋ ಟಪಾಲಿನಲ್ಲೇ ಎರಡು ತಿಂಗಳು ಕಳೆದಿತ್ತು.

ಮೌಲಾಸಾಬರು ಅಲ್ಲೇ ಚಹಾ ಕುಡಿಯುತ್ತಿದ್ದರು. "ನಾಕ ದಿನದಾಗ ಗೋಡಿ ಎಬ್ಬಿಸ್ಯಾರ, ನೋಡ್ರಿ," ಎಂದು ಮಾಸ್ತರರು ಹೆಮ್ಮೆಯಿಂದ ಫೋಟೋ ಕೊಟ್ಟರು.

ಮೌಲಾಸಾಬರು ಅದನ್ನು ಬೆಳಕಿಗೆ ಹಿಡಿದರು. "ಗೆರಿ ಎಲ್ಲಿ ಅದಾವ್ರಿ?"

ನಾನು ಎದುರಿನ ಮಣ್ಣಿನ ಮನೆ ನೋಡಿದೆ. ಗೋಡೆಯ ತುಂಬ ಮೊಳಕ್ಕೊಂದು ಅಡ್ಡಗೆರೆ. ಇಲ್ಲಿ ಒಮ್ಮೆಗೆ ಒಂದೇ ಮೊಳ ಏರಿಸಿ, ಅದು ನಾಲ್ಕೈದು ದಿನ ಒಣಗಿದ ಮೇಲೆಯೇ ಮುಂದಿನದನ್ನು ಏರಿಸುತ್ತಾರೆ; ಆ ಕೂಡಿಕೆಯೇ ಗೆರೆ. ಫೋಟೋದ ಗೋಡೆ ನುಣ್ಣಗಿತ್ತು.

"ಮಣ್ಣು ಹೇಳಿದೆ, ಹುಲ್ಲು ಹೇಳಿದೆ, ತುಳಿಯೂದು ಹೇಳಿದೆ. ಇದನ್ನೂ ಹೇಳಬೇಕಂತ ಹೊಳೀಲೇ ಇಲ್ಲ," ಎಂದರು ಮೌಲಾಸಾಬರು. "ಒಳಗ ಇನ್ನೂ ಹಸಿ ಇರತೈತ್ರಿ, ಮಳಿ ಬಿದ್ರ ಕುಸೀತೈತಿ. ಅಲ್ಲಿ ಮಳಿ ಯಾವಾಗ?"

"ಹ್ವಾದ ತಿಂಗಳ ಸುರು ಆಗಿರಬೇಕು." ಮಾಸ್ತರರು ಕಿಸೆಯಿಂದ ಪೆನ್ನು ತೆಗೆದರು. "ಈಗ ಏನು ಬರೀಲಿ, ಹೇಳ್ರಿ."

ಮೌಲಾಸಾಬರು ಫೋಟೋದಿಂದ ಕಣ್ಣೆತ್ತಲಿಲ್ಲ.

"ಗೋಡಿ ಹ್ವಾದ್ರ ಹೋಗ್ಲಿ. ಆ ಹುಡುಗುರನ್ನ ಅಲ್ಲಿಂದ ಎಬ್ಬಸ್ರಿ."