ಚರ್ಚಿನ ಕೆಳಗಿನ ಅಡುಗೆಮನೆ

ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು ಚರ್ಚಿನ ನೆಲಮಾಳಿಗೆಯಿಂದ ಬೀದಿಯವರೆಗೂ ಬರುತ್ತಿತ್ತು. ಅಡೆಲ್ ಕ್ರೋಮರ್ ರಸ್ತೆಯ ನಡುವೆಯೇ ನಿಂತಳು. ಭಾರವಾದದ್ದೇನನ್ನೋ ಮೆಟ್ಟಿಲ ಮೇಲೆ ಎಳೆಯುತ್ತಿದ್ದರು. ಆರು ಉರಿಯ ಗ್ಯಾಸ್ ಒಲೆ ಬಾಗಿಲಿನಿಂದ ಹೊರಬಂದಾಗ ಅವಳಿಗೆ ಮೊದಲು ಕಂಡದ್ದು ಅದರ ಮುರಿದ ನಾಬ್. ಅದನ್ನು ಇಕ್ಕಳದಿಂದ ತಿರುಗಿಸುತ್ತಲೇ ಅವಳು ಈ ಊರಿನ ಅರ್ಧಕ್ಕರ್ಧ ಸಾವುಗಳಿಗೆ ಅಡುಗೆ ಮಾಡಿದ್ದಳು.

ಓಹಾಯೊ ನದಿಯ ದಂಡೆಯ ಈ ಊರಿನಲ್ಲಿ, ಗುಡ್ಡದ ಬೀದಿಯ ಜರ್ಮನ್ ಚರ್ಚಿನವರು ಯಾರೇ ಸತ್ತರೂ ಮಣ್ಣು ಮಾಡಿ ಬಂದು ಎಲ್ಲರೂ ಆ ನೆಲಮಾಳಿಗೆಗೆ ಇಳಿಯುತ್ತಿದ್ದರು. ಹಂದಿ ಮಾಂಸ, ಕೆನೆ ಹಾಕಿ ಬೇಯಿಸಿದ ಆಲೂಗಡ್ಡೆ, ಸೇಬಿನ ಪೈ, ಕಾಫಿ. ಸತ್ತವರ ಮನೆಯ ಹೆಂಗಸು ಅಂದು ಸೌಟು ಮುಟ್ಟುವಂತಿಲ್ಲ. ಒಲೆಯ ಹತ್ತಿರದ ಮೇಜಿಗೆ ಅವಳನ್ನು ಕೂರಿಸಿ ಉಳಿದವರು ಬಡಿಸಬೇಕು. ಅವಳು ತುತ್ತು ಎತ್ತುವವರೆಗೆ ಬೇರೆ ಯಾರೂ ಎತ್ತುವುದಿಲ್ಲ. ಎಷ್ಟೋ ಹೆಂಗಸರ ಭುಜ ಹಿಡಿದು ಅಡೆಲ್ ಬೇಡಿಕೊಂಡಿದ್ದಳು: "ಒಂದು ತುತ್ತು, ನನ್ನಮ್ಮ, ಒಂದೇ ಒಂದು."

ಮೊನ್ನೆ ಅವಳ ಗಂಡ ವೆರ್ನ್ ತೀರಿಕೊಂಡ. ಕೂರುವ ಸರದಿ ಈಗ ಅವಳದು.

ಜನ ಕರಗಿ ಚರ್ಚಿನಲ್ಲಿ ಪ್ರಾರ್ಥನೆ ನಿಂತುಹೋದಾಗ, ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ಹೊರಟಿದ್ದರು. ಆಗ ಪೈ ಮಾರಿ ದುಡ್ಡು ಕೂಡಿಸಿ, ಪುರಸಭೆಯಲ್ಲಿ ಎದ್ದು ಗುಡುಗಿದವಳು ಇದೇ ಅಡೆಲ್. "ನಮ್ಮ ಮುತ್ತಜ್ಜಂದಿರು ಕಟ್ಟಿದ ದಿನ ಹೇಗಿತ್ತೋ ಹಾಗೇ ಇರ್ಬೇಕು! ಒಂದಿಟ್ಟಿಗೆ ಆಚೀಚೆ ಆಗಕೂಡ್ದು!" ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಅವಳ ಮಾತೇ ಠರಾವಾಯಿತು, ಕಟ್ಟಡ ಪರಂಪರೆ ಸಮಿತಿಯ ಕೈ ಸೇರಿತು. ಆದರೆ ಅಡುಗೆಮನೆ ಮುತ್ತಜ್ಜಂದಿರ ಕಾಲದ್ದಲ್ಲ. ದೊಡ್ಡ ಪ್ರವಾಹದ ವರ್ಷ ಮನೆ ಕಳೆದುಕೊಂಡವರಿಗೆ ಸೂಪು ಕಾಯಿಸಲು ಅವಳ ಅಮ್ಮ ಹಟ ಹಿಡಿದು ಮಾಡಿಸಿದ್ದು. ಗುಡುಗುವಾಗ ಅದು ಅವಳಿಗೆ ಹೊಳೆಯಲೇ ಇಲ್ಲ.

ಸಮಿತಿಯ ಬೆಥನಿ ಒಳಗಿನಿಂದ ಓಡಿ ಬಂದಳು. "ಅಡೆಲ್ ಆಂಟಿ, ವೆರ್ನ್ ಅಂಕಲ್ ವಿಷ್ಯ ಕೇಳ್ದೆ. ತುಂಬಾ ಬೇಜಾರಾಯ್ತು."

"ಬೇಜಾರು ಆಮೇಲೆ ಮಾಡ್ಕೊ. ಶುಕ್ರವಾರ ಮಣ್ಣು ಮಾಡ್ತೀವಿ. ಒಲೆ ಒಳಗಿಡ್ಸು."

"ಆಗಲ್ಲ ಆಂಟಿ. ಚರ್ಚು ಕಟ್ಟಿದ ಕಾಲದ್ದಲ್ಲದ್ದನ್ನೆಲ್ಲ ತೆಗೀಲೇಬೇಕು. ನೀವೇ ಹೇಳಿದ್ದಲ್ವಾ? ನಿಮ್ಮ ಮಾತನ್ನ ಬಾಗಿಲ ಪಕ್ಕ ಹಿತ್ತಾಳೆ ಮೇಲೆ ಕೆತ್ತಿಸ್ತಾ ಇದೀವಿ."

"ಹಿತ್ತಾಳೆ ಬೇಯ್ಸಿ ಬಡಿಸ್ತೀಯಾ?"

ಬೆಥನಿಗೆ ನಗು ಬಂತು, ಅಲ್ಲೇ ನುಂಗಿಕೊಂಡಳು.

"ನಿಮ್ಮಜ್ಜಿ ಸತ್ತಾಗ ನೀನು ಇಷ್ಟುದ್ದ ಇದ್ದೆ. ಮೂರು ತುಂಡು ಪೈ ತಿಂದು ನನ್ನ ಏಪ್ರನ್ ಮೇಲೇ ಕಕ್ಕಿದೆ. ಈ ಒಲೆ ಯಾವ ಕಾಲದ್ದು ಅಂತ ಅವತ್ತು ಕೇಳ್ಲಿಲ್ಲ."

ಹುಡುಗಿಯ ಕಣ್ಣು ತುಂಬಿತು. ಕೆಟ್ಟವಳಲ್ಲ ಅವಳು. ಅದೇ ಅಡೆಲ್‌ಗೆ ಇನ್ನಷ್ಟು ಸಿಟ್ಟು ತರಿಸಿತು.

"ಫೈರ್ ಸ್ಟೇಷನ್ ಹಾಲ್ ಕೇಳ್ಲಾ ಆಂಟಿ? ಊಟ ಹೋಟೆಲಿಂದ ತರಿಸ್ಬಹುದು."

"ಬಡಿಸೋರು?"

ಬಡಿಸುತ್ತಿದ್ದವರಲ್ಲಿ ಎಟ್ಟಾ ಸೊಂಟ ಮುರಿದು ಮಲಗಿದ್ದಳು. ಉಳಿದವರ ಸಾವಿಗೆಲ್ಲ ಅಡೆಲ್ ಆಗಲೇ ಅಡುಗೆ ಮಾಡಿ ಅವರನ್ನು ಕಳಿಸಿಕೊಟ್ಟಾಗಿತ್ತು.

"ಆಂಟಿ, ತಪ್ಪು ತಿಳ್ಕೋಬೇಡಿ," ಬೆಥನಿ ಮೆಲ್ಲಗೆ ಶುರುಮಾಡಿದಳು. "ಸೆಪ್ಟೆಂಬರಲ್ಲಿ ಹಳೇ ಕಟ್ಟಡ ನೋಡೋಕೆ ಜನ ಬರ್ತಾರಲ್ಲ, ಆಗ ನೀವು ಉದ್ದ ಲಂಗ ಹಾಕ್ಕೊಂಡು, ನಿಮ್ಮ ಮುತ್ತಜ್ಜಿ ಥರ ಕೆಳಗೆ ನಿಂತ್ಕೊಂಡ್ರೆ ಎಷ್ಟು ಚೆನ್ನಾಗಿರುತ್ತೆ! ನಿಮ್ಮಷ್ಟು ಈ ಜಾಗ ಗೊತ್ತಿರೋರು ಯಾರಿದಾರೆ? ಬಟ್ಟೆ ನಾವೇ ಹೊಲಿಸ್ತೀವಿ..."

ಅಡೆಲ್ ಆಗಲೇ ದಿನಸಿ ಅಂಗಡಿಯ ಕಡೆಗೆ ಇಳಿಯತೊಡಗಿದ್ದಳು. ಆಲೂಗಡ್ಡೆ ಕೊಳ್ಳಬೇಕಿತ್ತು. ಗಂಡನ ಮಣ್ಣಿನ ದಿನ ಸೌಟು ಅವಳೇ ಹಿಡಿಯಬೇಕಿತ್ತು.

"ಟೋಪಿ ಅಳತೆ ಒಂದು ಹೇಳ್ಬಿಡಿ ಆಂಟಿ, ಮತ್ತೆ ತೋಳು..." ಎಂದು ಬೆಥನಿ ಇನ್ನೂ ಹೇಳುತ್ತಲೇ ಇದ್ದಳು.