ಕುರ್ಚಿಯ ಮೇಲಿದ್ದ ಎರಡು ಸಂಪುಟ

ನಮ್ಮ ಗ್ರಂಥಾಲಯದ ಕಾರ್ಡುಗಳನ್ನು ಹತ್ತೊಂಬತ್ತು ವರ್ಷ ಟೈಪು ಮಾಡಿದ ಹೆಂಗಸನ್ನು ಎಲ್ಲರೂ ಕಾರ್ಡಮ್ಮ ಎಂದೇ ಕರೆಯುತ್ತಿದ್ದರು. ಒಂದು ಹೊಸ ಪುಸ್ತಕ ಬಂತೆಂದರೆ ಲೇಖಕರ ಹೆಸರಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೊಂದು ಎಂದು ಕನಿಷ್ಠ ಮೂರು ಕಾರ್ಡು ಬೇಕು. ಅಂಗೈಯಗಲದ ದಪ್ಪ ಕಾಗದ. ಒಂದಂಕಿ ತಪ್ಪಿದರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ. ಆಕೆ ದಿನಕ್ಕೆ ನೂರಿಪ್ಪತ್ತು ಕಾರ್ಡು ಮುಗಿಸುತ್ತಿದ್ದಳು. ನಾನು ಅಲ್ಲಿಗೆ ಮುಖ್ಯಸ್ಥೆಯಾಗಿ ಬಂದ ದಿನ ಆಕೆಯ ಬಗ್ಗೆ ಹಿಂದಿನವರು ನನಗೆ ಹೇಳಿದ್ದು ಇಷ್ಟೇ: ತಪ್ಪು ಮಾಡುವುದಿಲ್ಲ, ತಲೆ ಎತ್ತುವುದಿಲ್ಲ.

ಆಕೆ ಗಿಡ್ಡ. ಆಕೆಗೆ ಕೊಟ್ಟ ಮೇಜು ಯಾವ ಕಾಲದಲ್ಲೋ ಪಾರ್ಸೆಲ್ ಬಿಚ್ಚಲೆಂದು ಮಾಡಿಸಿದ್ದು, ನಿಂತು ಕೆಲಸ ಮಾಡುವವರ ಎತ್ತರದ್ದು. ಅದರ ಮೇಲೆ ಟೈಪ್‌ರೈಟರ್ ಇಟ್ಟರೆ ಕೀಲಿಗಳು ಆಕೆಯ ಎದೆಯ ಮಟ್ಟಕ್ಕೆ ಬರುತ್ತಿದ್ದವು. ಅದಕ್ಕೆ ಆಕೆ ತನ್ನದೇ ಉಪಾಯ ಕಂಡುಕೊಂಡಿದ್ದಳು. ಹಳೆಯ ರೈಲು ವೇಳಾಪಟ್ಟಿಯ ಎರಡು ದಪ್ಪ ಸಂಪುಟ ಕುರ್ಚಿಯ ಮೇಲೆ, ಅದರ ಮೇಲೊಂದು ಟವೆಲು, ಕಾಲ ಕೆಳಗೆ ಪುಸ್ತಕ ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆ.

ಮೂರನೆಯ ವಾರ ಅದು ನನ್ನ ಕಣ್ಣಿಗೆ ಬಿತ್ತು.

“ಏನಮ್ಮ ಇದು?”

“ಎತ್ತರಕ್ಕೆ ಮೇಡಂ. ಕೈ ಸರಿಯಾಗಿ ಎಟುಕುತ್ತೆ.”

“ಪುಸ್ತಕ ಇರೋದು ಓದೋಕೆ. ಕೂತ್ಕೊಳ್ಳೋಕಲ್ಲ.”

“ಇವನ್ನ ಹನ್ನೊಂದು ವರ್ಷದಿಂದ ಯಾರೂ ಕೇಳಿಲ್ಲ ಮೇಡಂ. ಪಾಪ, ಈಗ ಒಂದು ಉಪಯೋಗಕ್ಕೆ ಬಂದಿವೆ.”

ಏಣಿಯ ಮೇಲಿದ್ದ ಅಟೆಂಡರ್ ಕಿಸಕ್ಕನೆ ನಕ್ಕ. ಆ ನಗು ಇಲ್ಲದಿದ್ದರೆ, ಮೇಜು ಅಷ್ಟೆತ್ತರ ಏಕಿದೆ ಎಂಬ ಮುಂದಿನ ಪ್ರಶ್ನೆ ಕೇಳುತ್ತಿದ್ದೆನೇನೋ. ಕೇಳಲಿಲ್ಲ. ಎರಡೂ ಸಂಪುಟಗಳನ್ನು ಆಕೆಯ ಕೈಯಿಂದಲೇ ಕಪಾಟಿನಲ್ಲಿ ಇಡಿಸಿದೆ. ಪೆಟ್ಟಿಗೆ ಗೋದಾಮಿಗೆ ಹೋಯಿತು. ಪುಸ್ತಕದ ಮರ್ಯಾದೆ ಉಳಿಸಿದೆನೆಂಬ ತೃಪ್ತಿಯಲ್ಲಿ ಆ ದಿನ ಊಟ ಮಾಡಿದ್ದು ನನಗೆ ನೆನಪಿದೆ.

ಆಕೆಯ ಗಂಡ ಬಸ್ ಡ್ರೈವರ್. ವಿಷಯ ಕೇಳಿ ಒಂದು ಗಟ್ಟಿ ದಿಂಬು ಹೊಲಿಸಿ ಕೊಟ್ಟನಂತೆ. ಆಕೆ ತರಲಿಲ್ಲ. “ಮೇಡಂಗೆ ಕುರ್ಚಿ ಖಾಲಿ ಇರ್ಬೇಕು, ಇರ್ಲಿ ಬಿಡು,” ಎಂದಳಂತೆ. ಹಟ ಆಕೆಗೂ ಇತ್ತು, ನನಗೂ ಇತ್ತು. ಅದರ ಬೆಲೆ ಒಬ್ಬಳೇ ತೆತ್ತಳು. ಅಂದಿನಿಂದ ಆಕೆ ಭುಜಗಳನ್ನು ಕಿವಿಯ ಹತ್ತಿರಕ್ಕೆ ಎತ್ತಿ, ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಕಾಲು ನೆಲಕ್ಕೆ ಎಟುಕದೆ ಕೂತು ಟೈಪು ಮಾಡಿದಳು. ನಾನು ಅದನ್ನು ಏಕಾಗ್ರತೆ ಎಂದುಕೊಂಡೆ. ಹೊಸದಾಗಿ ಸೇರಿದವರಿಗೆ, “ಹೋಗಿ, ಅವರು ಕೂತಿರೋದು ನೋಡಿ ಕಲೀರಿ,” ಎಂದೂ ಹೇಳಿದ್ದೇನೆ.

ನಾನು ಬಂದ ಆರನೆಯ ವರ್ಷ ಆಕೆ ಎರಡು ಕಾರ್ಡುಗಳ ನಡುವೆ ಕೈ ಕೊಡವಲು ಶುರುಮಾಡಿದಳು.

“ಏನ್ ಕಾರ್ಡಮ್ಮ, ಕೈ ತೊಳೆದ್ರಾ? ಒರೆಸ್ಕೊಳ್ಳೋಕೆ ಬಟ್ಟೆ ಕೊಡ್ಲಾ?” ಎಂದು ಅಟೆಂಡರ್ ಕೇಳಿದ.

“ನೀನು ಮೊದ್ಲು ಬಾಯಿ ತೊಳ್ಕೊಂಡು ಬಾ. ಬೆರಳಲ್ಲಿ ಇರುವೆ ಹರಿದ ಹಾಗಾಗುತ್ತೆ ಕಣೋ.”

ನನ್ನ ಕೋಣೆಗೆ ಎಲ್ಲವೂ ಕೇಳಿಸಿತು. ಗದ್ದಲ ನಿಲ್ಲಲಿ ಎಂದು ಗಂಟೆ ಒತ್ತಿದೆ.

ಆಮೇಲೆ ತಪ್ಪುಗಳು ಬಂದವು. ಒಂದೇ ವಾರದಲ್ಲಿ ಹದಿನಾಲ್ಕು ಕಾರ್ಡಿಗೆ ಕೆಂಪು ಪೆನ್ಸಿಲಿನಿಂದ ಗೀಟು ಹಾಕಿ ವಾಪಸು ಕಳಿಸಿದೆ. ಆಕೆ ರಜೆ ಅರ್ಜಿ ಹಿಡಿದು ಬಂದಳು. ಅರ್ಜಿಯನ್ನು ಎಡಗೈಯಲ್ಲಿ ಚಾಚಿದ್ದು ಕಂಡರೂ ನಾನು ಏಕೆಂದು ಕೇಳಲಿಲ್ಲ.

“ಪುಸ್ತಕಗಳ ತಪಾಸಣೆ ಮುಗೀಲಿ. ಇನ್ನು ಮೂರು ತಿಂಗಳು.”

“ಆಗ್ಲಿ ಮೇಡಂ.”

ಆ ಮೂರು ತಿಂಗಳು ಮುಗಿದ ಮೇಲೆ ಆಕೆ ಬರಲಿಲ್ಲ, ಗಂಡ ಬಂದ. ಖಾಕಿ ಅಂಗಿಯಲ್ಲೇ ಬಂದಿದ್ದ. ಆಸ್ಪತ್ರೆಯ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು, ಕೂರಿ ಎಂದರೂ ಕೂರಲಿಲ್ಲ.

“ಇಪ್ಪತ್ತಾರು ವರ್ಷದಿಂದ ಬಸ್ ಓಡಿಸ್ತಿದೀನಿ ಮೇಡಂ. ಡ್ಯೂಟಿಗೆ ಹತ್ತಿದ ತಕ್ಷಣ ಮಾಡೋ ಮೊದಲನೇ ಕೆಲಸ ಸೀಟು ಸರಿ ಮಾಡ್ಕೊಳ್ಳೋದು. ನನಗಿಂತ ಮುಂಚೆ ಓಡಿಸಿದೋನು ಉದ್ದ ಇರ್ತಾನೆ, ನಾನು ಗಿಡ್ಡ. ಅವನ ಸೀಟಲ್ಲಿ ಕೂತು ನಾನು ಓಡಿಸಿದ್ರೆ ಬಸ್ಸು ಹಳ್ಳದಲ್ಲಿರುತ್ತೆ. ಇಷ್ಟೊಂದು ಪುಸ್ತಕ ಇದೆ ನಿಮ್ಮಲ್ಲಿ. ಇದೊಂದು ಯಾವುದ್ರಲ್ಲೂ ಬರೆದಿಲ್ವಾ?”

ಬರೆದಿತ್ತು. ಎರಡನೆಯ ಮಹಡಿಯಲ್ಲಿ ಕೆಲಸಗಾರರ ಆರೋಗ್ಯದ ಬಗ್ಗೆ ಒಂದು ಇಡೀ ಕಪಾಟು ಇತ್ತು. ಅವುಗಳ ಕಾರ್ಡನ್ನೂ ಆಕೆಯೇ ಟೈಪು ಮಾಡಿದ್ದಳು.

ಚೀಟಿಯ ಭಾಷೆ ಸರಳವಾಗಿತ್ತು. ಮಣಿಕಟ್ಟಿನಲ್ಲಿ ನರ ವರ್ಷಗಟ್ಟಲೆ ಅದುಮಿಹೋಗಿದೆ. ಹೆಬ್ಬೆರಳಿನ ಬುಡದ ಮಾಂಸ ಸೊರಗಿದೆ. ಜುಮುಗುಡುವಿಕೆ ಶುರುವಾದಾಗಲೇ ಬಂದು, ಕೈಗೆ ಬಿಡುವು ಕೊಟ್ಟು, ಕೂರುವ ರೀತಿ ಬದಲಿಸಿದ್ದರೆ ಬಹುಪಾಲು ವಾಸಿಯಾಗುತ್ತಿತ್ತು. ಈಗ ಶಸ್ತ್ರಚಿಕಿತ್ಸೆಯಿಂದ ನೋವು ಹೋಗಬಹುದು, ಬಲ ಮರಳುವ ಭರವಸೆಯಿಲ್ಲ. ಕೊನೆಯಲ್ಲಿ ಕೆಲಸದ ಜಾಗಕ್ಕೆ ಸೂಚನೆ: ಮೊಣಕೈ ಕೀಲಿಗಳ ಮಟ್ಟಕ್ಕಿರಬೇಕು, ಭುಜ ಸಡಿಲವಾಗಿರಬೇಕು, ಮಣಿಕಟ್ಟು ನೇರವಾಗಿರಬೇಕು, ಪಾದ ಊರಿರಬೇಕು, ಅರ್ಧ ಗಂಟೆಗೊಮ್ಮೆ ಎದ್ದು ಕೈಕಾಲು ಆಡಿಸಬೇಕು. ಆ ಎರಡು ಸಂಪುಟ ಮತ್ತು ಮರದ ಪೆಟ್ಟಿಗೆ, ಯಾರ ಸೂಚನೆಯೂ ಇಲ್ಲದೆ, ಅದರಲ್ಲಿ ಹೆಚ್ಚಿನದನ್ನು ಮಾಡಿದ್ದವು.

ಮರುದಿನವೇ ಬಡಗಿಯನ್ನು ಕರೆಸಿದೆ. ಆಕೆಯ ಕುರ್ಚಿ ನೋಡಿ, ಅಳತೆ ಹಾಕಿ, ಮೇಜಿನ ನಾಲ್ಕೂ ಕಾಲುಗಳನ್ನು ಗೇಣಿನಷ್ಟು ಕೊಯ್ದ. ಅರ್ಧ ಗಂಟೆಯೂ ಹಿಡಿಯಲಿಲ್ಲ. “ಇಷ್ಟೇನಾ ಮೇಡಂ?” ಎಂದು ಕೇಳಿ ಗರಗಸ ಒರೆಸಿಕೊಂಡ.

ಶಸ್ತ್ರಚಿಕಿತ್ಸೆ ಆಯಿತು. ಎರಡು ತಿಂಗಳ ನಂತರ ಆಕೆ ಬಂದು ಹೊಸ ಎತ್ತರದ ಮೇಜಿನ ಮುಂದೆ ಕೂತಳು. ಭುಜ ಕೆಳಗಿತ್ತು, ಮೊಣಕೈ ಸರಿಯಾಗಿತ್ತು, ಪಾದ ಬಡಗಿ ಹಾಕಿದ ಹಲಗೆಯ ಮೇಲಿತ್ತು. ರೋಲರಿಗೆ ಕಾರ್ಡು ಸೇರಿಸಹೋದಳು. ಹೆಬ್ಬೆರಳು ಹಿಡಿಯಲಿಲ್ಲ, ಕಾರ್ಡು ಮಡಿಲಿಗೆ ಬಿತ್ತು. ನಾಲ್ಕು ಸಲ ಹೀಗಾಯಿತು. ಐದನೆಯ ಸಲ ಆಕೆ ಪ್ರಯತ್ನಿಸಲಿಲ್ಲ. ಟೈಪ್‌ರೈಟರಿಗೆ ಹೊದಿಕೆ ಹಾಕಿ, ಅದರ ಮೂಲೆಗಳನ್ನು ಸರಿಮಾಡಿ ಎದ್ದಳು.

“ಮೇಜು ಚೆನ್ನಾಗಿದೆ ಮೇಡಂ,” ಎಂದಳು.

ಆಕೆಯನ್ನು ಬಾಗಿಲ ಬಳಿ, ಓದುಗರ ಚೀಲ ಇಟ್ಟುಕೊಂಡು ಟೋಕನ್ ಕೊಡುವ ಕಟ್ಟೆಗೆ ಹಾಕಿದೆ. ಆಕೆಯ ಜಾಗಕ್ಕೆ ಬಂದ ಹುಡುಗಿ ಒಳ್ಳೇ ಉದ್ದ. ಕೊಯ್ದ ಮೇಜಿಗೆ ಅವಳ ಮೊಣಕಾಲು ತಾಗುತ್ತಿತ್ತು. ಬಡಗಿಯನ್ನು ಮತ್ತೆ ಕರೆಸಿ, ಕಾಲಿಗೆ ಮರದ ತುಂಡು ಕೂಡಿಸಲು ಹೇಳಿದೆ. “ಕೊಯ್ಯೋದೋ, ಕೂಡಿಸೋದೋ, ಮನಸ್ಸು ಮಾಡಿ ಒಂದು ಹೇಳಿ ಮೇಡಂ,” ಎಂದು ಗೊಣಗಿದ. ಯಾರು ಕೂರುತ್ತಾರೆ ಎಂದು ನೋಡಿ ಹೇಳಬೇಕಾದ ಮಾತು ಅದು ಎಂದು ಆ ವಯಸ್ಸಿನಲ್ಲಿ ಕಲಿತೆ.

ನಾನು ನಿವೃತ್ತಳಾಗುವ ವಾರ ಆ ಎರಡು ಸಂಪುಟಗಳನ್ನು ಕಪಾಟಿನಿಂದ ಇಳಿಸಿ, ಎರಡೂ ಕೈಯಲ್ಲಿ ಹೊತ್ತು ಆಕೆಯ ಕಟ್ಟೆಯ ಬಳಿಗೆ ಹೋದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ.

“ಇದು ನಿಮ್ಮ ಕುರ್ಚಿಗೆ,” ಎಂದೆ.

ಆಕೆ ಸಂಪುಟದ ಬೆನ್ನಿನ ಮೇಲಿನ ಅಕ್ಷರ ಓದಿದಳು. “ಇನ್ನೂ ಯಾರೂ ಕೇಳಿಲ್ವಾ ಇವನ್ನ?” ಎಂದು ನಕ್ಕಳು. ಆಮೇಲೆ, “ಬೇಡ ಮೇಡಂ. ಈ ಸ್ಟೂಲು ನಾನೇ ಕೂತು ನೋಡಿ ತರಿಸ್ಕೊಂಡಿದ್ದು, ಎತ್ತರ ಸರಿಯಾಗಿದೆ. ಅಲ್ದೆ ಇಲ್ಲಿ ಕೈಗೇನು ಕೆಲಸ?”

ಅಷ್ಟರಲ್ಲಿ ಓದುಗನೊಬ್ಬ ಚೀಲ ಚಾಚಿದ. ಆಕೆ ಎಡಗೈಯಲ್ಲಿ ಅದನ್ನು ತೆಗೆದುಕೊಂಡು, ಎಡಗೈಯಲ್ಲೇ ಟೋಕನ್ ಕೊಟ್ಟಳು. ನಾನು ಸಂಪುಟಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.